ಮಾತೇ ಆಡದ ಹುಡುಗಿಗೆ ‘ಮನೋಭಾವ’ದಲ್ಲಿ ಯಾವ ಶ್ರೇಣಿ ಕೊಡಬೇಕು?

ಪ್ರಶ್ನೆ: ನಾನು ಗದಗ ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಐದನೆಯ ತರಗತಿಯ ಶಿಕ್ಷಕಿ. ಪ್ರಗತಿ ಪತ್ರದಲ್ಲಿ ಪಾಠಗಳ ಜೊತೆಗೆ ಮನೋಭಾವ, ಸಹಕಾರ ಮುಂತಾದವುಗಳಿಗೂ ಶ್ರೇಣಿ ಬರೆಯಬೇಕು. ಲೆಕ್ಕದಲ್ಲಿ ಚುರುಕಾಗಿರುವ ಒಬ್ಬ ಹುಡುಗಿ ತರಗತಿಯಲ್ಲಿ ಬಾಯಿ ಬಿಡುವುದೇ ಇಲ್ಲ. ಇಂಥ ಮಗುವಿನ ಸಾಮಾಜಿಕ, ಭಾವನಾತ್ಮಕ ಬೆಳವಣಿಗೆಯನ್ನು ಅಳೆಯುವುದು ಹೇಗೆ?

ಉತ್ತರ: ಮಗು ಕಡಿಮೆ ಮಾತನಾಡುತ್ತದೆ ಎಂಬ ಒಂದೇ ಕಾರಣಕ್ಕೆ ಶ್ರೇಣಿಯನ್ನು ಇಳಿಸಬಾರದು. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ಮನೋವೈದ್ಯರು 1956ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ದೀರ್ಘಕಾಲದ ಅಧ್ಯಯನದಲ್ಲಿ, ಹೊಸ ಜನರಿಗೂ ಹೊಸ ಜಾಗಕ್ಕೂ ನಿಧಾನವಾಗಿ ಹೊಂದಿಕೊಳ್ಳುವ ಮಕ್ಕಳದೇ ಒಂದು ಗುಂಪನ್ನು ಗುರುತಿಸಿ, ಅದನ್ನು ಹುಟ್ಟುಗುಣದ ಒಂದು ಬಗೆಯೆಂದೇ ಕಂಡರು. ಇನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೆಯ ಸೆಕ್ಷನ್, ಪಠ್ಯಕ್ರಮವೂ ಮೌಲ್ಯಮಾಪನವೂ ಮಗುವನ್ನು ಭಯ, ಆಘಾತ, ಆತಂಕಗಳಿಂದ ಬಿಡಿಸಿ, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗುವಂತಿರಬೇಕು ಎನ್ನುತ್ತದೆ. ಆದ್ದರಿಂದ ಆ ಹುಡುಗಿಯ ಮೌನವನ್ನು ದಾಖಲಿಸುವಾಗ, ಆಕೆಗೆ ಮಾತನಾಡುವ ಧೈರ್ಯ ಬರುವಂತೆ ನಮ್ಮ ತರಗತಿ ಇದೆಯೇ ಎಂಬುದನ್ನೂ ಕೇಳಿಕೊಳ್ಳಬೇಕಾಗುತ್ತದೆ.

ಇಲ್ಲಿ ಅಳೆಯುವುದೆಂದರೆ ಕಂಡದ್ದನ್ನು ಕಂಡ ಹಾಗೆ ಬರೆದಿಡುವುದು. ‘ಅಂಜುಬುರುಕಿ’, ‘ಬೆರೆಯುವುದಿಲ್ಲ’ ಎಂಬ ಮಾತುಗಳು ನಮ್ಮ ತೀರ್ಪುಗಳು. ಅವುಗಳಿಂದ ಮುಂದಿನ ದಾರಿ ತಿಳಿಯುವುದಿಲ್ಲ. ಅದರ ಬದಲು ದಿನಾಂಕ, ಸಂದರ್ಭ, ಮಗು ಮಾಡಿದ್ದು, ಇಷ್ಟನ್ನು ಎರಡು ಸಾಲಿನಲ್ಲಿ ಬರೆಯಿರಿ. ಶಾಲೆ ಆರಂಭವಾದ ಕೆಲವೇ ವಾರಗಳಲ್ಲಿ ಬರುವ ಮಣ್ಣೆತ್ತಿನ ಅಮಾವಾಸ್ಯೆ ಇದಕ್ಕೆ ಬಹಳ ಒಳ್ಳೆಯ ಸಂದರ್ಭ. ನಾಲ್ಕೈದು ಮಕ್ಕಳ ಗುಂಪಿಗೆ ಎರೆಮಣ್ಣು ಕೊಟ್ಟು ಎತ್ತು, ಗೋದಲಿ ಮಾಡಲು ಹೇಳಿದರೆ, ಮಣ್ಣನ್ನು ಹಂಚಿಕೊಡುವವರು ಯಾರು, ಪಕ್ಕದವಳ ಎತ್ತಿನ ಕೋಡು ಮುರಿದಾಗ ನಗುವವರು ಯಾರು, ಸುಮ್ಮನೆ ಹೋಗಿ ಕೋಡು ಹಚ್ಚಿಕೊಡುವವರು ಯಾರು ಎಂಬುದು ಕಣ್ಣಿಗೆ ಕಾಣುತ್ತದೆ. ತರಗತಿಯಲ್ಲಿ ಮಾತೇ ಆಡದ ಹುಡುಗಿ ಅಲ್ಲಿ ಮೂರನೆಯವಳಾಗಿದ್ದರೆ ಸಹಕಾರದಲ್ಲಿ ಆಕೆಗೆ ಮೇಲಿನ ಶ್ರೇಣಿಯೇ ಸಲ್ಲಬೇಕು. ಬಿಸಿಯೂಟದ ಸಾಲು, ಆಟದ ಬಯಲು, ಗ್ರಂಥಾಲಯದ ಅವಧಿ, ಇವೆಲ್ಲವೂ ನೋಡಬೇಕಾದ ಜಾಗಗಳೇ. ಒಂದೇ ದಿನದ ನೋಟವನ್ನು ನಂಬಬೇಡಿ. ಹೋಲಿಕೆಯನ್ನು ಬೇರೆ ಮಕ್ಕಳೊಂದಿಗೆ ಮಾಡದೆ, ಅದೇ ಮಗು ಮೊದಲು ಹೇಗಿತ್ತು ಎಂಬುದರೊಂದಿಗೆ ಮಾಡಿ.

ಯಾರ ಪಕ್ಕ ಕೂರಲು ಇಷ್ಟ ಎಂದು ಪ್ರತಿ ಮಗುವಿನಿಂದಲೂ ಗುಟ್ಟಾಗಿ ಮೂರು ಹೆಸರು ಬರೆಸಿಕೊಂಡರೆ, ಯಾರೂ ಹೆಸರಿಸದ ಮಗು ಯಾವುದೆಂದು ತಿಳಿಯುತ್ತದೆ. ಯಾರು ಬೇಡ ಎಂದು ಮಾತ್ರ ಎಂದಿಗೂ ಕೇಳಬಾರದು. ಆ ಪ್ರಶ್ನೆಯೇ ಮಗುವನ್ನು ದೂರವಿಡುವುದನ್ನು ಕಲಿಸುತ್ತದೆ.

ಮೌನದ ಹಿಂದಿನ ಕಾರಣವನ್ನೂ ಹುಡುಕಬೇಕು. ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿಯಾಗಿದ್ದು, ಕನ್ನಡದಲ್ಲಿ ತಪ್ಪಾದೀತೆಂಬ ಹೆದರಿಕೆ ಇರಬಹುದು. ತಂದೆತಾಯಿ ಗೋವೆಗೋ ಮಂಗಳೂರಿಗೋ ದುಡಿಯಲು ಹೋಗಿ, ಮಗು ಅಜ್ಜಿಯ ಮನೆಯಲ್ಲಿ ಉಳಿದಿರಬಹುದು. ಕಿವಿ ಸೋರಿ ಸರಿಯಾಗಿ ಕೇಳಿಸದೆಯೂ ಇರಬಹುದು. ಶಾಲೆಗೆ ಬರುವ ಆರೋಗ್ಯ ತಪಾಸಣಾ ತಂಡಕ್ಕೆ ಇದನ್ನು ತಪ್ಪದೇ ಹೇಳಿ.

ನೆರವು ದೊಡ್ಡದಾಗಿರಬೇಕೆಂದಿಲ್ಲ. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆಂದೂ, ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಹೆಚ್ಚು ಮಕ್ಕಳು ಹೆಚ್ಚು ದೀರ್ಘವಾಗಿ ಉತ್ತರಿಸುತ್ತಾರೆಂದೂ ಮೇರಿ ಬಡ್ ರೋ ಎಂಬ ಸಂಶೋಧಕಿ ತೋರಿಸಿದ್ದಾರೆ. ಹಾಗೆಯೇ, ಉತ್ತರವನ್ನು ಮೊದಲು ಪಕ್ಕದ ಗೆಳತಿಗೆ ಹೇಳಿ, ಆಮೇಲೆ ತರಗತಿಗೆ ಹೇಳುವ ಅವಕಾಶ ಕೊಡಿ. ಲೆಕ್ಕ ಬಾರದ ಒಬ್ಬ ಸಹಪಾಠಿಗೆ ಹೇಳಿಕೊಡುವ ಹೊಣೆಯನ್ನು ಆಕೆಗೆ ವಹಿಸಿ. ಧೈರ್ಯ ಬರಲೆಂದು ಪ್ರಾರ್ಥನೆಯ ವೇಳೆ ಎಲ್ಲರೆದುರು ನಿಲ್ಲಿಸಿ ಮಾತನಾಡಿಸುವುದು ಬೇಡ, ಅದು ಭಯವನ್ನೇ ಹೆಚ್ಚಿಸಬಹುದು.

ಆದರೆ ಮೊದಲು ನಗುನಗುತ್ತಿದ್ದ ಮಗು ಇದ್ದಕ್ಕಿದ್ದಂತೆ ಮೌನವಾದರೆ, ಊಟ ಬಿಟ್ಟರೆ, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡು ಬೆದರಿದರೆ, ತನಗೆ ತಾನೇ ನೋವು ಮಾಡಿಕೊಂಡರೆ ಕಾಯುತ್ತ ಕೂರಬಾರದು. ಧಾರವಾಡದ ಡಿಮ್ಹಾನ್ಸ್ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ನಿಮಗೆ ಹತ್ತಿರವೇ ಇದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಸಲಹೆ ಪಡೆಯಬಹುದು. ಲೈಂಗಿಕ ದೌರ್ಜನ್ಯದ ಸಂಶಯವಿದ್ದರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆಯ ಹೆಸರಿಗೆ ಅಂಜಿ ಅದನ್ನು ಮುಚ್ಚಿಡುವ ಅಧಿಕಾರ ಯಾರಿಗೂ ಇಲ್ಲ.

ಪ್ರಗತಿ ಪತ್ರದಲ್ಲಿ ಶ್ರೇಣಿಯ ಪಕ್ಕ ಹೀಗೊಂದು ವಾಕ್ಯ ಬರೆಯಬಹುದು: “ಜೂನ್‌ನಲ್ಲಿ ಒಬ್ಬಳೇ ಕೂರುತ್ತಿದ್ದಳು, ಈಗ ಗುಂಪಿನಲ್ಲಿ ಇಬ್ಬರಿಗೆ ಲೆಕ್ಕ ಹೇಳಿಕೊಡುತ್ತಾಳೆ, ಮುಂದೆ ಗುಂಪಿನ ಉತ್ತರವನ್ನು ತರಗತಿಗೆ ಓದಿ ಹೇಳಲು ನೆರವು ಬೇಕು.” ಪಾಲಕರ ಸಭೆಗೆ ಅಜ್ಜಿ ಬಂದರೆ ಇದನ್ನೇ ಅವರಿಗೆ ಓದಿ ಹೇಳಿ, ಮನೆಯಲ್ಲಿ ಹುಡುಗಿ ಹೇಗಿರುತ್ತಾಳೆಂದು ಕೇಳಿ, ಅವರು ಹೇಳಿದ್ದನ್ನೂ ಅದೇ ಪುಟದಲ್ಲಿ ಸೇರಿಸಿಡಿ.