ನುಗ್ಗೆಸೊಪ್ಪು ಬೆರೆಸಿದರೆ ಬ್ರಾಯ್ಲರ್ ಕೋಳಿಗೆ ರಕ್ತ ಆಗುತ್ತಾ?

ಪ್ರಶ್ನೆ: ಶಿರಸಿ ಹತ್ತಿರ ನಮ್ಮದೊಂದು ಸಣ್ಣ ಬ್ರಾಯ್ಲರ್ ಶೆಡ್ ಇದೆ. ಮಳೆ ಹಿಡಿದ ಮೇಲೆ ಮೂರ್ನಾಲ್ಕು ವಾರದ ಕೋಳಿಗಳ ಜುಟ್ಟು ಬಿಳಿಚಿಕೊಂಡಿದೆ. ನುಗ್ಗೆಸೊಪ್ಪಿನ ಪುಡಿ, ಅರಿಶಿನ, ಬೆಳ್ಳುಳ್ಳಿ ಕೊಟ್ಟರೆ ರಕ್ತ ಜಾಸ್ತಿ ಆಗುತ್ತದೆ ಅಂತಾರೆ. ಹೌದಾ?

ಉತ್ತರ: ಪುಡಿ ಬೆರೆಸುವ ಮೊದಲು ಹಿಕ್ಕೆ ನೋಡಿ. ಅದರಲ್ಲಿ ಕೆಂಪು ಕಂಡರೆ, ಆಗಷ್ಟೇ ಸತ್ತ ಕೋಳಿಯೊಂದನ್ನು ಡಾಕ್ಟರ ಹತ್ತಿರ ಕೊಯ್ಸಿ ನೋಡಿ. ಸಣ್ಣ ಕರುಳು ಮುಗಿಯುವಲ್ಲಿ ಚೀಲದಂಥ ಎರಡು ಕುರುಡು ಕರುಳು ಇರುತ್ತವೆ. ಅವು ಊದಿಕೊಂಡು ಕಪ್ಪುಗೆಂಪಾಗಿದ್ದು, ಕತ್ತರಿಸಿದಾಗ ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದು ಹೆಚ್ಚೂಕಡಿಮೆ ಕಾಕ್ಸಿಡಿಯೋಸಿಸ್ಸೇ. ಐಮೀರಿಯಾ ಎಂಬ ಪರಾವಲಂಬಿ ಜೀವಿ ಕರುಳಿನ ಗೋಡೆ ಒಡೆದು ರಕ್ತ ಸೋರಿಸುತ್ತದೆ. ಹಿಕ್ಕೆಯಲ್ಲಿ ಹೊರಬಂದ ಅದರ ತತ್ತಿ ಒದ್ದೆ ಲಿಟ್ಟರ್‌ನಲ್ಲಿ (ಶೆಡ್ಡಿನ ನೆಲಕ್ಕೆ ಹಾಸಿದ ಹೊಟ್ಟಿನಲ್ಲಿ) ಒಂದೆರಡು ದಿನಕ್ಕೇ ಬಲಿತು ಇನ್ನೊಂದು ಕೋಳಿಗೆ ಹತ್ತಲು ತಯಾರು. ಆಷಾಢದಲ್ಲಿ ನಮ್ಮ ಕಡೆ ಭತ್ತದ ಹೊಟ್ಟು ಒಣಗುವುದೇ ಇಲ್ಲ, ಅಲ್ವಾ? ಹೀಗೆ ರಕ್ತ ಸೋರುತ್ತಿರುವಾಗ ಸೊಪ್ಪು ಹಾಕಿ ಕಾಯುವುದು ಕೋಳಿ ಕಳೆದುಕೊಳ್ಳುವ ದಾರಿ. ಡಾಕ್ಟರು ಹೇಳಿದ ಔಷಧಿ ನೀರಿಗೆ ಹಾಕಿ, ಗಟ್ಟಿಕಟ್ಟಿದ ಒದ್ದೆ ಲಿಟ್ಟರ್ ತೆಗೆದು ಒಣ ಹೊಟ್ಟು ಹರಡಿ.

ಹಿಕ್ಕೆ ಸರಿಯಾಗಿದ್ದೂ ಜುಟ್ಟು ಬಿಳಿಚಿದ್ದರೆ ಎರಡು ಅನುಮಾನ ಮುಖ್ಯ. ಒಂದು, ಎಲುಬಿನ ಮಜ್ಜೆಗೇ ಕೈಹಾಕುವ ಅನೀಮಿಯಾ ವೈರಸ್. ಕೋಳಿಯ ಕೆಂಪು ರಕ್ತಕಣದ ಆಯಸ್ಸು ಸುಮಾರು ಒಂದು ತಿಂಗಳು, ನಮ್ಮದಕ್ಕೆ ನಾಲ್ಕು ತಿಂಗಳು. ಹಾಗಾಗಿ ಮಜ್ಜೆ ಕೆಲಸ ನಿಲ್ಲಿಸಿದರೆ ಕೋಳಿ ಬೇಗ ಬಿಳಿಚುತ್ತದೆ. ಇನ್ನೊಂದು, ಬೂಸ್ಟು ಹಿಡಿದ ಮೆಕ್ಕೆಜೋಳದ ಅಫ್ಲಾಟಾಕ್ಸಿನ್ ವಿಷ. ಇದು ಮೊದಲು ಲಿವರ್ ಕೆಡಿಸುತ್ತದೆ.

ಅರಿಶಿನಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ. ಈ ವಿಷ ಸೇರಿದ ಆಹಾರ ತಿಂದ ಕೋಳಿಗಳ ಲಿವರ್‌ಗೆ ಆಗುವ ಪೆಟ್ಟನ್ನು ಅರಿಶಿನ ಸ್ವಲ್ಪ ತಗ್ಗಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ. ಪ್ರಮಾಣ 100 ಕೆಜಿ ಆಹಾರಕ್ಕೆ ಅರ್ಧ ಕೆಜಿ ಪುಡಿ. ಹಾಗಂತ ಬೂಸ್ಟು ಹಿಡಿದ ಚೀಲವನ್ನು ಅರಿಶಿನ ಹಾಕಿ ಖಾಲಿ ಮಾಡಬೇಡಿ, ಎಸೆದುಬಿಡಿ.

ನುಗ್ಗೆಸೊಪ್ಪಿನಲ್ಲಿ ಕಬ್ಬಿಣ ಇದೆ, ನಿಜ. ಆದರೆ ಬ್ರಾಯ್ಲರ್‌ಗೆ ಬೇಕಾದ್ದು ಕೆಜಿ ಆಹಾರಕ್ಕೆ ಸುಮಾರು 80 ಮಿಲಿಗ್ರಾಂ. ಸೋಯಾ ಹಿಂಡಿ ಮತ್ತು ಮಿನರಲ್ ಮಿಕ್ಸ್ ಇರುವ ಕಂಪನಿ ಆಹಾರದಲ್ಲಿ ಅದು ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ನುಗ್ಗೆ ಕೊಟ್ಟ ಪ್ರಯೋಗಗಳಲ್ಲಿ ಕೆಲವದರಲ್ಲಿ ಹಿಮೋಗ್ಲೋಬಿನ್ ಏರಿದೆ, ಕೆಲವದರಲ್ಲಿ ಏನೂ ಬದಲಾಗಿಲ್ಲ. ಕೊಡುವುದಾದರೆ ನೆರಳಲ್ಲಿ ಒಣಗಿಸಿದ ಪುಡಿ, 100 ಕೆಜಿಗೆ ಅರ್ಧದಿಂದ ಒಂದು ಕೆಜಿ ಸಾಕು. ಜಾಸ್ತಿ ಹಾಕಿದರೆ ನಾರು ಹೆಚ್ಚಾಗಿ ತೂಕ ಕುಂದುತ್ತದೆ.

ಬೆಳ್ಳುಳ್ಳಿ ಮಿತಿಯಲ್ಲಿರಲಿ. ಬೆಳ್ಳುಳ್ಳಿ, ಈರುಳ್ಳಿಯಲ್ಲಿರುವ ಗಂಧಕದ ಅಂಶ ಅತಿಯಾದರೆ ಕೆಂಪು ಕಣವನ್ನೇ ಒಡೆಯಬಲ್ಲದು. ಕುಮಟಾದ ಸಿಹಿ ಈರುಳ್ಳಿ ಕೊಳೆಯಲು ಶುರುವಾಯ್ತು ಅಂತ ಕೋಳಿಗೆ ಸುರಿಯುವುದು ಖಂಡಿತ ಬೇಡ.

ಇನ್ನು, ರಕ್ತ ಜಾಸ್ತಿ ಆಗುವುದೇ ಒಳ್ಳೆಯದು ಎಂಬುದು ತಪ್ಪು. ಆರೋಗ್ಯವಂತ ಕೋಳಿಯ ರಕ್ತದಲ್ಲಿ ಕೆಂಪು ಕಣದ ಪಾಲು ಸುಮಾರು 22ರಿಂದ 35 ಶೇಕಡಾ. ಮಳೆಗೆ ಹೆದರಿ ಶೆಡ್ಡಿನ ಸುತ್ತ ತಾಡಪಾಲು ಪೂರ್ತಿ ಇಳಿಬಿಟ್ಟರೆ ಅಮೋನಿಯಾ ತುಂಬಿ ಪುಪ್ಪುಸ ಕೆಡುತ್ತದೆ, ಆಮ್ಲಜನಕ ಸಾಲುವುದಿಲ್ಲ. ಅದನ್ನು ಸರಿದೂಗಿಸಲು ದೇಹ ಕೆಂಪು ಕಣ ಹೆಚ್ಚಿಸುತ್ತದೆ, ರಕ್ತ ದಪ್ಪಗಾಗುತ್ತದೆ, ಹೃದಯ ಸೋಲುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ವೇಗವಾಗಿ ಬೆಳೆಯುವ ಬ್ರಾಯ್ಲರ್‌ಗಳಲ್ಲಿ ಇದು ದೊಡ್ಡ ಕಾಟ. ತಾಡಪಾಲಿನ ಮೇಲ್ಭಾಗ ಒಂದಡಿಯಾದರೂ ಬಿಚ್ಚಿರಲಿ.

ಕಂಪನಿ ಕೋಳಿ ಸಾಕುವವರು ಸೂಪರ್‌ವೈಸರ್‌ಗೆ ಹೇಳದೆ ಏನನ್ನೂ ಬೆರೆಸಬೇಡಿ. ಪಶು ಆಸ್ಪತ್ರೆಗೆ ಹೋಗುವಾಗ ನಿನ್ನೆ ಸತ್ತದ್ದರ ಬದಲು, ಬಿಳಿಚಿದ ಎರಡು ಜೀವಂತ ಕೋಳಿ ಒಯ್ಯಿರಿ. ರೆಕ್ಕೆಯ ನರದಿಂದ ರಕ್ತ ತೆಗೆದು ಪರೀಕ್ಷೆಗೆ ಕಳಿಸಲು ಆಗುವುದು ಆಗಲೇ.