ಎಷ್ಟು ಮೈಲಿ ಎಂದು ಕೇಳಬೇಡಿ

ಮಾರ್ಚ್ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಫೀನಿಕ್ಸ್, ಡಲ್ಲಾಸ್, ಸ್ಯಾನ್ ಹೋಸೆ ಕಡೆಯ ಕನ್ನಡ ಕುಟುಂಬಗಳು ಕರೆ ಮಾಡುತ್ತವೆ. ಊರಿನಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಜೂನ್‌ನಲ್ಲಿ ಮಕ್ಕಳಿಗೆ ರಜೆ, ಅರಿಜೋನದ ಗ್ರ್ಯಾಂಡ್ ಕ್ಯಾನ್ಯನ್ ಎಂಬ ಆಳ ಕಮರಿಯ ಅಂಚಿನಲ್ಲಿ ಎರಡು ರಾತ್ರಿ ಡೇರೆ ಹಾಕಿ ಒಂದಿಷ್ಟು ಕೆಳಗಿಳಿದು ಬರಬೇಕು ಎನ್ನುತ್ತಾರೆ. ಹಾವು, ಚೇಳು, ಡೇರೆ, ಬೂಟು ಎಲ್ಲದರ ಬಗ್ಗೆಯೂ ವಿಚಾರಿಸುತ್ತಾರೆ. ಕೊನೆಗೆ ತಪ್ಪದೆ ಬರುವ ಪ್ರಶ್ನೆ ಒಂದೇ: ‘ಒಟ್ಟು ಎಷ್ಟು ಮೈಲಿ ಆಗುತ್ತದೆ?’

ಕುಟುಂಬಗಳಿಗೆ ಇಂಥ ಪ್ರವಾಸ ರೂಪಿಸಿ, ಜೊತೆಯಲ್ಲಿ ನಡೆಯುವುದು ನನ್ನ ಕೆಲಸ. ಇಷ್ಟು ವರ್ಷ ಹೇಳಿಯೂ ಹೇಳಿಯೂ ಮತ್ತೆ ಹೇಳಬೇಕಾಗಿದೆ. ಕಮರಿಯಲ್ಲಿ ಮೈಲಿಯ ಲೆಕ್ಕ ಉಪಯೋಗಕ್ಕೆ ಬರುವುದಿಲ್ಲ. ಎಷ್ಟು ಗಂಟೆಗೆ ಹಿಂತಿರುಗಬೇಕು ಎಂದು ಕೇಳಿ.

ನಮ್ಮವರ ಅನುಭವವೆಲ್ಲ ಬೆಟ್ಟದ್ದು. ಕುಮಾರಪರ್ವತವಿರಲಿ, ಮುಳ್ಳಯ್ಯನಗಿರಿ ಇರಲಿ, ಮೊದಲು ಹತ್ತುತ್ತೇವೆ. ಸಾಕಾಯಿತೋ, ತಿರುಗಿ ಇಳಿಯುತ್ತೇವೆ. ದಣಿದವರಿಗೆ ಇಳಿಜಾರೇ ಆಸರೆ. ಇಲ್ಲಿ ಹಾಗಲ್ಲ. ಬೆಳಗಿನ ತಂಪಿನಲ್ಲಿ, ಮೈಯಲ್ಲಿ ಕಸುವಿರುವಾಗ, ಕಾಲು ತಾನಾಗಿಯೇ ಕೆಳಗೆ ಓಡುತ್ತದೆ. ಅಜ್ಜಿಯೂ ‘ಏನೂ ಕಷ್ಟವಿಲ್ಲವಲ್ಲ’ ಎನ್ನುತ್ತಾರೆ. ಸಾಕೆನಿಸುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಾನೆ, ಏರು ಪೂರ್ತಿ ಬಾಕಿ ಇರುತ್ತದೆ. ಇಳಿಯುವುದು ನಿಮ್ಮ ಇಷ್ಟ, ಹತ್ತುವುದು ಕಡ್ಡಾಯ ಎಂದು ಇಲ್ಲಿನ ರಾಷ್ಟ್ರೀಯ ಉದ್ಯಾನದ ರೇಂಜರ್‌ಗಳು ಹೇಳುವುದು ಇದನ್ನೇ.

ಅಂಚಿನಿಂದ ಕೆಳಗಿಳಿಯುವ ಬ್ರೈಟ್ ಏಂಜೆಲ್ ಹಾದಿಯನ್ನೇ ನೋಡಿ. ಮೂರು ಮೈಲಿಗೆ ಒಂದು ತಂಗುದಾಣವಿದೆ. ಮೂರೇ ಮೈಲಿಯೇ ಎನ್ನುತ್ತಾರೆ. ಆದರೆ ಅಲ್ಲಿಗೆ ತಲುಪುವಷ್ಟರಲ್ಲಿ ಸುಮಾರು 2,100 ಅಡಿ ಇಳಿದಿರುತ್ತೀರಿ. ಶ್ರವಣಬೆಳಗೊಳದ ವಿಂಧ್ಯಗಿರಿ ನೆಲದಿಂದ ಸುಮಾರು 470 ಅಡಿ ಎತ್ತರ. ಅಂದರೆ ವಾಪಸು ಬರುವಾಗ ಆ ಬೆಟ್ಟವನ್ನು ನಾಲ್ಕು ಸಲಕ್ಕೂ ಹೆಚ್ಚು ಹತ್ತಿದಂತೆ, ಅದೂ ನಡುಹಗಲಲ್ಲಿ.

ಇದರ ಜೊತೆಗೆ ಇಳಿದಷ್ಟೂ ಬಿಸಿ ಏರುತ್ತದೆ. ಪ್ರತಿ ಸಾವಿರ ಅಡಿಗೆ ಹೆಚ್ಚು ಕಡಿಮೆ ಮೂರು ಡಿಗ್ರಿ ಸೆಲ್ಸಿಯಸ್. ಸುಮಾರು ಏಳು ಸಾವಿರ ಅಡಿ ಎತ್ತರದ ದಕ್ಷಿಣ ಅಂಚಿನಲ್ಲಿ 28 ಡಿಗ್ರಿಯ ಹಿತವಾದ ಬಿಸಿಲಿದ್ದಾಗ ಕೆಳಗೆ ಕೊಲೊರಾಡೊ ನದಿಯ ಬಳಿ 42 ಡಿಗ್ರಿ ಇರುತ್ತದೆ. ಅದೂ ನೆರಳಿನ ಲೆಕ್ಕ.

ಒಂದು ಜೂನ್‌ನಲ್ಲಿ ತಿಪಟೂರಿನಿಂದ ಬಂದಿದ್ದ ನಿವೃತ್ತ ಮೇಷ್ಟರೊಬ್ಬರು ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗನ ಜೊತೆ ಇಳಿದಿದ್ದರು. ಒಂದೂವರೆ ಮೈಲಿಯ ತಂಗುದಾಣದಲ್ಲಿ ತಿರುಗಿಬಿಡಿ ಎಂದು ಬರೆದೇ ಕೊಟ್ಟಿದ್ದೆ. ಬೇರೊಂದು ತಂಡದ ಜೊತೆ ಕೆಳಗಿನಿಂದ ಬರುತ್ತಿದ್ದಾಗ ಅವರು ಸಿಕ್ಕಿದ್ದು ಮೂರು ಮೈಲಿಯ ತಂಗುದಾಣದಲ್ಲಿ. ಗಂಟೆ ಹನ್ನೊಂದಾಗಿತ್ತು. ಮೇಷ್ಟರು ಕಲ್ಲಿಗೆ ಒರಗಿ ಕೂತಿದ್ದರು, ಮುಖ ಬಾಡಿತ್ತು. ‘ದಿನಾ ಐದು ಕಿಲೋಮೀಟರ್ ನಡೆಯುವವನು ನಾನು. ಒಂದು ಹನಿ ಬೆವರೂ ಬಂದಿಲ್ಲ, ಆದರೂ ಯಾಕೋ ಕಾಲು ಏಳುತ್ತಿಲ್ಲ’ ಎಂದರು.

ಅವರು ತೊಟ್ಟಿದ್ದು ಕಡುನೀಲಿ ಅಂಗಿ. ಕಂಕುಳಿನಿಂದ ಸೊಂಟದವರೆಗೆ ಅದರ ಮೇಲೆ ರಂಗೋಲಿ ಎಳೆದಂತೆ ಬಿಳಿಯ ಗೆರೆಗಳು. ‘ಮೇಷ್ಟ್ರೇ, ಇದನ್ನು ಮುಟ್ಟಿ ನಾಲಿಗೆಗೆ ಇಟ್ಟುಕೊಳ್ಳಿ’ ಎಂದೆ. ಉಗುರಿನಿಂದ ಕೆರೆದರು, ಪುಡಿ ಉದುರಿತು. ನೆಕ್ಕಿ ನೋಡಿ, ‘ಉಪ್ಪು!’ ಎಂದು ನನ್ನನ್ನೇ ನೋಡಿದರು.

ನಮ್ಮ ಊರುಗಳಲ್ಲಿ ಬೆವರು ಹರಿಯುತ್ತದೆ, ಅಂಗಿ ಮೈಗೆ ಅಂಟುತ್ತದೆ, ಹಾಗಾಗಿ ತಿಳಿಯುತ್ತದೆ. ಮರುಭೂಮಿಯ ಒಣಗಾಳಿಯಲ್ಲಿ ಅದು ಚರ್ಮದ ಮೇಲೆಯೇ ಆರಿಹೋಗುತ್ತದೆ, ಉಪ್ಪಷ್ಟೇ ಉಳಿಯುತ್ತದೆ. ಮೇಷ್ಟರು ನೀರನ್ನೇನೋ ಚೆನ್ನಾಗಿ ಕುಡಿದಿದ್ದರು, ಹಸಿವಿಲ್ಲವೆಂದು ಏನೂ ತಿಂದಿರಲಿಲ್ಲ. ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಸೋಡಿಯಂ ಇಳಿದುಹೋಗುವ ಅಪಾಯವಿದೆ. ಆಗಲೂ ಸುಸ್ತು, ತಲೆನೋವು, ವಾಕರಿಕೆಯೇ ಬರುವುದರಿಂದ, ನೀರು ಸಾಲದೆಂದು ಇನ್ನಷ್ಟು ಕುಡಿಸುವವರಿದ್ದಾರೆ. ನಾನು ವೈದ್ಯನಲ್ಲ. ರಕ್ತದೊತ್ತಡಕ್ಕೆ, ಸಕ್ಕರೆ ಕಾಯಿಲೆಗೆ, ಹೃದಯಕ್ಕೆ ಮಾತ್ರೆ ತೆಗೆದುಕೊಳ್ಳುವವರು ಉಪ್ಪು ಮತ್ತು ನೀರಿನ ಬಗ್ಗೆ ಹೊರಡುವ ಮೊದಲೇ ತಮ್ಮ ವೈದ್ಯರನ್ನು ಕೇಳಬೇಕು. ಮಾತು ತೊದಲಿದರೆ, ಬುದ್ಧಿ ಮಂಕಾದರೆ, ವಾಂತಿ ನಿಲ್ಲದಿದ್ದರೆ ಮನೆಮದ್ದಿಗೆ ಕೈ ಹಾಕದೆ ತುರ್ತು ಸಹಾಯ ಕರೆಯಿರಿ.

ಮೇಷ್ಟರಿಗೆ ಅಷ್ಟು ದೂರ ಹೋಗಿರಲಿಲ್ಲ. ನೆರಳಿನಲ್ಲಿ ಕೂರಿಸಿ, ಟವೆಲ್ ನೆನೆಸಿ ಹೆಗಲಿಗೆ ಹಾಕಿದೆವು. ಸೊಸೆಯ ಚೀಲದಲ್ಲಿ ಕೋಡುಬಳೆ ಇತ್ತು; ಒಂದೊಂದೇ ತಿನ್ನಿಸುತ್ತಾ ನಡುನಡುವೆ ಗುಟುಕು ನೀರು ಕೊಟ್ಟೆವು. ನನ್ನ ತಂಡವನ್ನು ಸಹೋದ್ಯೋಗಿಯ ಜೊತೆ ಮೇಲೆ ಕಳಿಸಿ ನಾನು ಅಲ್ಲೇ ಉಳಿದೆ. ನಾಲ್ಕೂವರೆಗೆ ಎದ್ದೆವು. ನೂರು ಹೆಜ್ಜೆ, ಒಂದು ನಿಲುಗಡೆ. ಎಣಿಸುವ ಕೆಲಸ ಮೊಮ್ಮಗನದು. ಅಂಚು ಮುಟ್ಟಿದಾಗ ಎಂಟು ಗಂಟೆ, ಕತ್ತಲಾಗುತ್ತಿತ್ತು.

ಹಾಗಾಗಿ ಲೆಕ್ಕ ಹೀಗೆ ಹಾಕಿ. ಇಳಿಯಲು ಹಿಡಿದ ಹೊತ್ತಿನ ಎರಡರಷ್ಟು ಹತ್ತಲು ಬೇಕು. ಅಜ್ಜ ಅಜ್ಜಿ ಇದ್ದರೆ ನಾನು ಮೂರರಷ್ಟು ಹಿಡಿಯುತ್ತೇನೆ. ಬೇಸಿಗೆಯಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಹಾದಿಯಲ್ಲಿರಬೇಡಿ ಎಂಬುದು ಉದ್ಯಾನದವರದೇ ಸಲಹೆ. ಹತ್ತಕ್ಕೆ ಅಂಚಿನ ಮೇಲಿರಬೇಕೆಂದರೆ, ಐದೂವರೆಗೆ ಹೊರಟವರು ಆರೂವರೆಗೆ ಎಲ್ಲಿದ್ದರೂ ಸರಿ, ತಿರುಗಲೇಬೇಕು. ಇನ್ನೊಂದು ತಿರುವು ನೋಡಿ ಬರುತ್ತೇವೆ ಎನ್ನುವಂತಿಲ್ಲ. ಅರಿಜೋನದ ಈ ಭಾಗದಲ್ಲಿ ಅಮೆರಿಕದ ಹೆಚ್ಚಿನ ಕಡೆ ಮಾಡುವಂತೆ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದೆ ಹಾಕುವುದಿಲ್ಲ, ಜೂನ್‌ನಲ್ಲಿ ಐದೂಕಾಲಿಗೆಲ್ಲ ಬೆಳಕು ಹರಿದಿರುತ್ತದೆ. ಏಳುವುದು ಕಷ್ಟವೆನ್ನುವವರು ಅಂಚಿನ ಮೇಲೆಯೇ ನಡೆದಾಡಲಿ, ನೋಟಕ್ಕೆ ಕೊರತೆಯಿಲ್ಲ.

ಉಳಿದದ್ದು ಸುಲಭ. ಅಂಚಿನ ಮೇಲಿನ ಮೇದರ್ ಶಿಬಿರತಾಣದ ಜಾಗವನ್ನು ತಿಂಗಳುಗಳ ಮೊದಲೇ ಕಾಯ್ದಿರಿಸಿ. ಕಮರಿಯೊಳಗೆ ರಾತ್ರಿ ತಂಗಲು ಪ್ರತ್ಯೇಕ ಪರವಾನಗಿ ಬೇಕು. ಕೆಳಗಿಳಿಯುವ ಇನ್ನೊಂದು ಹಾದಿಯಾದ ಸೌತ್ ಕೈಬಾಬ್‌ನಲ್ಲಿ ನೀರೇ ಇಲ್ಲ. ಬ್ರೈಟ್ ಏಂಜೆಲ್‌ನಲ್ಲಿ ನಲ್ಲಿಗಳಿದ್ದರೂ ಕೊಳವೆ ಆಗಾಗ ಒಡೆಯುತ್ತದೆ, ಹಿಂದಿನ ಸಂಜೆಯೇ ವಿಚಾರಿಸಿ. ಜೂನ್ ರಾತ್ರಿಗೂ ಸ್ವೆಟರ್ ಬೇಕು. ರಜೆ ಹೊಂದಿಸಲು ಸಾಧ್ಯವಾದರೆ ಏಪ್ರಿಲ್ ಕೊನೆಗೋ ಅಕ್ಟೋಬರ್‌ಗೋ ಬನ್ನಿ, ಹಿರಿಯರ ಜೊತೆ ನಡೆಯಲು ಅದೇ ಸಕಾಲ.

ಮಕ್ಕಳು ಮಾತ್ರ ತಿರುಗುವ ಜಾಗದಲ್ಲಿ ಅಳುತ್ತಾರೆ. ಕೆಳಗೆ ನದಿ ಇದೆಯಂತೆ, ಮುಟ್ಟದೆ ಹೇಗೆ ಹೋಗುವುದು ಎಂಬ ಸಂಕಟ ಅವರದು. ನಾನು ಬೆಲ್ಲದ ಕಡಲೆ ಚಿಕ್ಕಿಯ ಪೊಟ್ಟಣವನ್ನು ಹೊರಡುವಾಗ ಅವರಿಗೆ ತೋರಿಸಿ ಚೀಲದ ತಳಕ್ಕೆ ಇಡುತ್ತೇನೆ. ಗಡಿಯಾರದ ಗಂಟೆ ಬಾರಿಸಿದ ಜಾಗದಲ್ಲೇ ಅದು ಹೊರಬರುವುದು. ಎರಡನೆಯ ದಿನ ಅವರೇ ಐದು ನಿಮಿಷ ಮೊದಲೇ ಕೈಯೊಡ್ಡಿ ನಿಂತಿರುತ್ತಾರೆ.