ಮಾಡಿದ ಕುಕ್ಕಿಗಳನ್ನೇ ಗೋಡೆಗೆ ತೂಗುಹಾಕಬಹುದಾ?

ಪ್ರಶ್ನೆ: ಎಲೆ, ನಕ್ಷತ್ರ, ಹಕ್ಕಿ ಆಕಾರದ ಕುಕ್ಕಿ ಮಾಡಿದ್ದೆ. ತಿನ್ನಲು ಮನಸ್ಸೇ ಬರಲಿಲ್ಲ, ಅಷ್ಟು ಚೆಂದ ಬಂದಿದ್ದವು. ಮೇಲೆ ವಾರ್ನಿಷ್ ಹಚ್ಚಿ, ದಾರ ಕಟ್ಟಿ ಗೋಡೆಗೆ ಹಾಕಿದರೆ ಬಾಳಿಕೆ ಬರುತ್ತವಾ? ಖರ್ಚಿಲ್ಲದೆ ಖಾಲಿ ಗೋಡೆ ತುಂಬಿಸಬೇಕು ಅಂತ ಆಸೆ.

ಉತ್ತರ: ಬರುವುದಿಲ್ಲ. ವಾರ್ನಿಷ್ ಹಚ್ಚಿದರೂ ಅಷ್ಟೇ. ಕುಕ್ಕಿಯಲ್ಲಿ ಇರುವುದೇ ಬೆಣ್ಣೆ ಮತ್ತು ಸಕ್ಕರೆ. ಬೆಣ್ಣೆಯ ಜಿಡ್ಡು ದಿನ ಕಳೆದಂತೆ ಕಮಟು ವಾಸನೆ ಹೊಡೆಯುತ್ತದೆ. ಸಕ್ಕರೆ ಗಾಳಿಯ ತೇವ ಎಳೆದುಕೊಂಡು ಕುಕ್ಕಿಯನ್ನು ಮೆತ್ತಗಾಗಿಸುತ್ತದೆ. ಕೊನೆಗೆ ದಾರ ಕಟ್ಟಿದ ತೂತು ಹರಿದು ಕೆಳಗೆ ಬೀಳುತ್ತದೆ. ಇನ್ನು ಇರುವೆಗಳಿಗೆ ವಾರ್ನಿಷ್‌ನಲ್ಲಿ ಒಂದು ಸಣ್ಣ ಬಿರುಕು ಸಿಕ್ಕರೆ ಸಾಕು.

ಆದರೆ ಅದೇ ಅಚ್ಚು, ಅದೇ ಲಟ್ಟಣಿಗೆ, ಅದೇ ಓವನ್ ಇಟ್ಟುಕೊಂಡು ವರ್ಷಗಟ್ಟಲೆ ನಿಲ್ಲುವ ಅಲಂಕಾರ ಮಾಡಬಹುದು. ಅದಕ್ಕೆ ಬೇಕಾದದ್ದು ಉಪ್ಪು ಬೆರೆಸಿದ ಹಿಟ್ಟು. 2 ಕಪ್ ಮೈದಾ, 1 ಕಪ್ ಪುಡಿ ಉಪ್ಪು, ಸುಮಾರು ಮುಕ್ಕಾಲು ಕಪ್ ನೀರು. ಬೆಣ್ಣೆ ಬೇಡ, ಸಕ್ಕರೆ ಬೇಡ, ಬೇಕಿಂಗ್ ಪೌಡರ್ ಅಂತೂ ಬೇಡವೇ ಬೇಡ. ಹಾಕಿದರೆ ನಕ್ಷತ್ರ ಉಬ್ಬಿ ದಿಂಬಾಗುತ್ತದೆ. ಉಪ್ಪು ದಪ್ಪ ಹರಳಿನದಾದರೆ ಮೊದಲು ಮಿಕ್ಸಿಯಲ್ಲಿ ನುಣ್ಣಗೆ ಮಾಡಿಕೊಳ್ಳಿ, ಇಲ್ಲದಿದ್ದರೆ ಮೇಲ್ಮೈ ತರಿತರಿ ಆಗುತ್ತದೆ. ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ, ಕೈಗೆ ಅಂಟದಷ್ಟು ಗಟ್ಟಿಯಾಗಿ 10 ನಿಮಿಷ ಚೆನ್ನಾಗಿ ನಾದಿ. ನಾದುವುದರಲ್ಲಿ ಜುಗ್ಗತನ ಮಾಡಿದರೆ ಅಂಚು ಬಿರುಕು ಬಿಡುತ್ತದೆ.

ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಲಟ್ಟಿಸಿ, ಅಚ್ಚಿನಿಂದ ಕತ್ತರಿಸಿ. ದಾರಕ್ಕೆ ತೂತು ಈಗಲೇ ಮಾಡಬೇಕು, ಒಣಗಿದ ಮೇಲೆ ಚುಚ್ಚಿದರೆ ತುಂಡಾಗುತ್ತದೆ. ಜ್ಯೂಸ್ ಕುಡಿಯುವ ಸ್ಟ್ರಾ ಇದಕ್ಕೆ ಸರಿಯಾದ ಸಾಧನ. ತೂತು ಅಂಚಿನಿಂದ ಒಂದು ಸೆಂಟಿಮೀಟರ್ ಒಳಗಿರಲಿ. ಎಲೆಯ ಅಚ್ಚು ಇಲ್ಲವಾ? ನಿಜವಾದ ಎಲೆಯನ್ನೇ ಹಿಟ್ಟಿನ ಮೇಲಿಟ್ಟು ಲಟ್ಟಣಿಗೆ ಉರುಳಿಸಿ, ನರನರವೂ ಮೂಡುತ್ತದೆ. ನನಗಂತೂ ಕೊಂಡ ಅಚ್ಚಿಗಿಂತ ಇದೇ ಇಷ್ಟ.

ಈಗ ಓವನ್. ಇಲ್ಲಿ ನಾವು ಬೇಯಿಸುತ್ತಿಲ್ಲ, ಒಣಗಿಸುತ್ತಿದ್ದೇವೆ. ಆದ್ದರಿಂದ 100 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ ಸಾಕು. ಬೇಗ ಮುಗಿಯಲಿ ಅಂತ ಉರಿ ಜಾಸ್ತಿ ಮಾಡಿದರೆ ಮೇಲ್ಪದರ ಮೊದಲೇ ಗಟ್ಟಿಯಾಗುತ್ತದೆ. ಒಳಗಿನ ನೀರು ಆವಿಯಾಗಿ ಹೊರಬರಲು ದಾರಿ ಸಿಗದೆ ಗುಳ್ಳೆ ಏಳುತ್ತದೆ. ಎರಡು ಮೂರು ಗಂಟೆ ಹಿಡಿಯುತ್ತದೆ, ನಡುವೆ ಒಮ್ಮೆ ತಿರುಗಿಸಿ. ಹಿಂಭಾಗದ ನಡುವೆ ಹೆಬ್ಬೆರಳಿನಿಂದ ಒತ್ತಿದಾಗ ಸ್ವಲ್ಪವೂ ತಗ್ಗದಿದ್ದರೆ ಆಯಿತು. ಅಂಚು ಕಂದು ಬಣ್ಣಕ್ಕೆ ತಿರುಗಿದರೆ ಕುಕ್ಕಿಗೆ ಒಳ್ಳೆಯದು, ಇದಕ್ಕೆ ಮಾತ್ರ ಉರಿ ಹೆಚ್ಚಾಯಿತು ಅಂತಲೇ ಅರ್ಥ.

ಬಣ್ಣಕ್ಕೆ ಅಕ್ರಿಲಿಕ್ ಸಾಕು. ಹಿಟ್ಟಿಗೇ ಬಣ್ಣ ಬೆರೆಸುವುದಾದರೆ ಕಾಫಿ ಪುಡಿ ಹಾಕಿ. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ. ನನ್ನ ಕೇಳಿದರೆ ಬಣ್ಣವೇ ಬೇಡ. ಹಾಗೇ ಬಿಟ್ಟ ಬಿಳಿ ಎಲೆಗಳನ್ನು ಒಂದು ಒಣ ಕೊಂಬೆಗೆ ಉದ್ದ ಗಿಡ್ಡ ದಾರಗಳಲ್ಲಿ ಕಟ್ಟಿದರೆ ಗೋಡೆಗೆ ಕಳೆ ಬರುತ್ತದೆ. ಎಲ್ಲಕ್ಕೂ ಒಂದೊಂದು ಬಣ್ಣ ಬಳಿದರೆ ಮಕ್ಕಳ ಆಟಿಕೆ ಅಂಗಡಿ ತರಹ ಕಾಣುತ್ತದೆ, ಅಲ್ವಾ?

ವಾರ್ನಿಷ್ ನಿಜವಾಗಿ ಬೇಕಾಗುವುದು ಇಲ್ಲಿ. ಗಾಳಿಯ ಆರ್ದ್ರತೆ 75 ಶೇಕಡಾ ದಾಟಿದರೆ ಉಪ್ಪು ತಾನಾಗಿಯೇ ನೀರು ಹೀರಿಕೊಂಡು ಕರಗತೊಡಗುತ್ತದೆ. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ಒದ್ದೆಯಾಗುವುದು ಇದೇ ಕಾರಣಕ್ಕೆ. ಹಾಗಾಗಿ ಮುಂದೆ, ಹಿಂದೆ, ಅಂಚು, ತೂತಿನ ಒಳಗೆ, ಎಲ್ಲ ಕಡೆ ಎರಡು ಸಲ ಹಚ್ಚಿ. ಪೂರ್ತಿ ಒಣಗಿ ತಣ್ಣಗಾದ ಮೇಲೆಯೇ ಹಚ್ಚಬೇಕು, ಇಲ್ಲದಿದ್ದರೆ ತೇವ ಒಳಗೇ ಉಳಿಯುತ್ತದೆ. ಬಚ್ಚಲಿನ ಗೋಡೆಗಂತೂ ಹಾಕಬೇಡಿ.

ಒಂದು ಎಚ್ಚರಿಕೆ. ಇವು ನೋಡಲು ಕುಕ್ಕಿಯಂತೆಯೇ ಇರುತ್ತವೆ, ಆದರೆ ಉಪ್ಪಿನ ಪ್ರಮಾಣ ಅಪಾಯಕಾರಿ. ನಾಯಿ ತಿಂದರೆ ಜೀವಕ್ಕೇ ಕುತ್ತು ಬರಬಹುದು. ಪುಟ್ಟ ಮಕ್ಕಳಿಗೂ ನಾಯಿಗೂ ಎಟುಕದ ಎತ್ತರಕ್ಕೆ ಕಟ್ಟಿ. ತಿನ್ನುವ ಕುಕ್ಕಿಯನ್ನು ಅದೇ ದಿನ ಮಾಡಬೇಡಿ.

ಹಾಗಾದರೆ ತಿನ್ನುವುದರಲ್ಲಿ ಚಮತ್ಕಾರ ಬೇಡವಾ? ಖಂಡಿತ ಬೇಕು. ಸಕ್ಕರೆ 100 ಗ್ರಾಂ, ಬೆಣ್ಣೆ 200 ಗ್ರಾಂ, ಮೈದಾ 300 ಗ್ರಾಂ. ಈ ಒಂದು, ಎರಡು, ಮೂರರ ಲೆಕ್ಕ ನೆನಪಿಡುವುದು ಸುಲಭ. ಕತ್ತರಿಸಿದ ಮೇಲೆ ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಬೆಣ್ಣೆ ತಣ್ಣಗಿದ್ದರೆ ಅದು ಕರಗಿ ಹರಡುವ ಮೊದಲೇ ಹಿಟ್ಟು ಗಟ್ಟಿಯಾಗಿ ಆಕಾರ ಉಳಿಯುತ್ತದೆ. ಕುಕ್ಕಿಯ ನಡುವೆ ಚಿಕ್ಕ ಕಿಟಕಿಯಂತೆ ಕತ್ತರಿಸಿ, 160 ಡಿಗ್ರಿಯಲ್ಲಿ ಮುಕ್ಕಾಲು ಬೆಂದಾಗ ಬಣ್ಣದ ಗಟ್ಟಿ ಮಿಠಾಯಿಯ ಪುಡಿಯನ್ನು ಆ ಜಾಗಕ್ಕೆ ತುಂಬಿ ಮತ್ತೆ ಒಳಗಿಡಿ. ಅದು ಕರಗಿ ಬಣ್ಣದ ಗಾಜಾಗುತ್ತದೆ. ತಟ್ಟೆಗೆ ಬೇಕಿಂಗ್ ಪೇಪರ್ ಹಾಕಿರಲೇಬೇಕು, ಪೂರ್ತಿ ತಣಿಯುವ ತನಕ ಮುಟ್ಟಲೂಬಾರದು. ಇವನ್ನು ಬೇಕಾದರೆ ಒಂದು ಸಂಜೆಯ ಮಟ್ಟಿಗೆ ಕಿಟಕಿಗೆ ಕಟ್ಟಿ ಬೆಳಕಿಗೆ ನೋಡಿ. ರಾತ್ರಿಯೊಳಗೆ ಬಿಚ್ಚಿ ಗಾಳಿಯಾಡದ ಡಬ್ಬಿಗೆ ಹಾಕಿಬಿಡಿ, ಇಲ್ಲದಿದ್ದರೆ ಗಾಜೆಲ್ಲ ಅಂಟಂಟಾಗುತ್ತದೆ.